ಮೊಂಡು ಎನ್ನುವ ಹಕ್ಕು

ನಮ್ಮ ಮರದ ಮಿಲ್ಲಿನ ಹಳಬರಲ್ಲಿ ಹತ್ತೂ ಬೆರಳು ಪೂರ್ತಿ ಉಳಿಸಿಕೊಂಡವರೆಂದರೆ ಮೇಸ್ತ್ರಿ ಒಬ್ಬರೇ. ಉಳಿದವರು ಕೈ ಮುಗಿದರೆ ನಡುವೆ ಎಲ್ಲಾದರೊಂದು ಕಡೆ ಬೆಳಕು ಕಾಣುತ್ತಿತ್ತು. ಮೇಸ್ತ್ರಿಯ ಕೈಗಳು ಅಗಲವಾಗಿ, ಮೋಟುಮೋಟಾಗಿ, ಉಗುರಿನ ಸಂದಿಯಲ್ಲಿ ಕಬ್ಬಿಣದ ಕಪ್ಪು ಹುಡಿ ತುಂಬಿಕೊಂಡು ಇರುತ್ತಿದ್ದವು. ಅಂಗೈಯಲ್ಲಿ ಮಾತ್ರ ರೇಖೆಗಳೇ ಇರಲಿಲ್ಲ. ವರ್ಷಗಟ್ಟಲೆ ಗರಗಸದ ಹಲ್ಲು ಮಸೆಯುವ ಅರ ಹಿಡಿದು ಉಜ್ಜಿ ಉಜ್ಜಿ ಅದು ಕಡೆಯುವ ಕಲ್ಲಿನ ಹೊಟ್ಟೆಯಂತೆ ನುಣುಪಾಗಿತ್ತು. ಹಂಪನಕಟ್ಟೆಯಲ್ಲಿ ಗಿಳಿ ಇಟ್ಟುಕೊಂಡು ಕೂರುವ ಜೋಯಿಸ ಈ ಕೈ ನೋಡಿದರೆ ಗಿಳಿಯನ್ನು ಹಾರಿಬಿಟ್ಟು ಬೇರೆ ಕೆಲಸ ಹುಡುಕಿಕೊಂಡಾನು ಎಂದು ನಾನು ತಮಾಷೆ ಮಾಡುತ್ತಿದ್ದೆ. ಗರಗಸ ತಿರುಗುವಷ್ಟು ಹೊತ್ತೂ ಅವರ ಎಡಗೈ ಗರಗಸದ ಮೇಜಿನ ಮರದ ಕಂಬದ ಮೇಲಿರುತ್ತಿತ್ತು. ಒರಗಿದ್ದಲ್ಲ, ಹಿಡಿದುಕೊಂಡದ್ದೂ ಅಲ್ಲ. ಜ್ವರ ಬಂದ ಮಗುವಿನ ಹಣೆಯ ಮೇಲೆ ಇಟ್ಟ ಹಾಗೆ.

ಆ ಕೈಯನ್ನೂ ನಾನು ಅಣಕಿಸುತ್ತಿದ್ದೆ. ನಾನು ಅಣಕಿಸದೆ ಬಿಟ್ಟದ್ದು ಯಾವುದೂ ಇರಲಿಲ್ಲ. ನಾನು ಹುಟ್ಟಿ ಮೊದಲು ಅತ್ತಾಗ, ಇದು ಪಕ್ಕದ ಮನೆಯ ಮಗುವನ್ನು ಅಣಕಿಸುತ್ತಿದೆಯೋ ಏನೋ ಎಂದು ತನಗೆ ಸಂಶಯ ಬಂದಿತ್ತೆಂದು ನನ್ನ ಅಮ್ಮ ಈಗಲೂ ಹೇಳುತ್ತಾಳೆ. ಮೆಟ್ರಿಕ್‌ನಲ್ಲಿ ಫೇಲಾಗಿ ಮನೆಗೆ ಬಂದ ದಿನ ಹೆಡ್ಮಾಸ್ತರರ ಸ್ವರದಲ್ಲೇ ನನ್ನ ರಿಸಲ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ನಗಲಿಲ್ಲ. ಮರುವಾರ ಬಂದರಿನ ಪಕ್ಕದ ಈ ಮಿಲ್ಲಿಗೆ ಸೇರಿಸಿದರು.

ಮಿಲ್ಲೆಂದರೆ ಹೊಳೆಯ ಬದಿಯಲ್ಲಿ ಹಂಚಿನ ಮಾಡಿನ ಒಂದು ಉದ್ದ ಶೆಡ್ಡು. ಘಟ್ಟದ ಮೇಲಿನಿಂದ ದಿಮ್ಮಿ ಹೊತ್ತ ಲಾರಿಗಳು ನಂತೂರು ಇಳಿದು ಬರುತ್ತಿದ್ದವು. ಶೆಡ್ಡಿನ ನಡುವೆ ಮದುವೆ ಮನೆಯ ಹರಿವಾಣಕ್ಕಿಂತಲೂ ಅಗಲದ ಚಕ್ರದ ಗರಗಸ. ಅದರ ಅರ್ಧ ಮೇಜಿನ ಮೇಲೆ, ಅರ್ಧ ಕೆಳಗೆ. ದಿಮ್ಮಿಯನ್ನು ಈಚೆಯಿಂದ ಒಬ್ಬ ನೂಕಬೇಕು, ಆಚೆಯಿಂದ ಒಬ್ಬ ಎಳೆಯಬೇಕು. ನಾನು ಎಳೆಯುವವ. ನೂಕುವವನ ಮುಖ ನನಗೆ, ನನ್ನ ಮುಖ ಅವನಿಗೆ. ನಡುವೆ ಗಾಳಿಯನ್ನು ಸೀಳುತ್ತ ತಿರುಗುವ ಆ ಹಲ್ಲುಗಳು. ನಮಗೆ ಬೆನ್ನು ಹಾಕಿ, ಎಂಜಿನಿನ ಕಡೆ ಮುಖ ಮಾಡಿ ಬೆಲ್ಟು ನೋಡಿಕೊಳ್ಳುವ ಬ್ಯಾರಿ ಹಿರಿಯ, ನಮ್ಮೆಲ್ಲರ ಕಾಕ, ನಿಲ್ಲುತ್ತಿದ್ದರು. ಅವರ ಕೈಯಲ್ಲಿದ್ದ ಮರದ ದಂಡವನ್ನು ತಳ್ಳಿದರೆ ಬೆಲ್ಟು ಜಾರಿ ಗರಗಸ ನಿಲ್ಲುತ್ತಿತ್ತು.

ಕಾಕ ದಂಡ ತಳ್ಳುತ್ತಿದ್ದದ್ದು ಒಂದೇ ಒಂದು ಶಬ್ದಕ್ಕೆ. ಆ ಶಬ್ದ ‘ಮೊಂಡು’.

ಮಿಲ್ಲಿನಲ್ಲಿ ತುಳು ಇತ್ತು, ಕೊಂಕಣಿ ಇತ್ತು, ಬ್ಯಾರಿ ಭಾಷೆ ಇತ್ತು, ಲಾರಿಯವರ ಜತೆ ಬಂದ ಘಟ್ಟದ ಕನ್ನಡ ಇತ್ತು. ಎಲ್ಲರಿಗೂ ತಕ್ಷಣ ಅರ್ಥವಾಗುವ ಶಬ್ದ ಇದೊಂದು. ಗರಗಸದ ಸ್ವರ ಬದಲಾಗುತ್ತಿದ್ದಂತೆ ಮೇಸ್ತ್ರಿ ಮೊದಲು ಬಲಗೈ ಎತ್ತುತ್ತಿದ್ದರು. ಅದನ್ನು ಕಂಡು ನಾವಿಬ್ಬರೂ ದಿಮ್ಮಿ ಬಿಟ್ಟು ಪಕ್ಕಕ್ಕೆ ಹಾರುತ್ತಿದ್ದೆವು. ಆಮೇಲೆ ಅವರು ಆ ಶಬ್ದ ಹೇಳುತ್ತಿದ್ದರು. ಕೂಗುತ್ತಿರಲಿಲ್ಲ. ಮೂಗಿನಿಂದ ಹೊರಟ ಒಣ ಸ್ವರ; ‘ಮೊಂ’ ಸ್ವಲ್ಪ ಉದ್ದ, ‘ಡು’ ಕತ್ತರಿಸಿ ಬಿದ್ದ ಹಾಗೆ. ಎಂಜಿನಿನ ಗದ್ದಲದ ಅಡಿಯಿಂದ ನುಸುಳಿ ಅದು ಕಾಕನ ಕಿವಿ ಮುಟ್ಟುತ್ತಿತ್ತು. ಗರಗಸ ನಿಲ್ಲುತ್ತಿತ್ತು. ಮೇಸ್ತ್ರಿ ಅದನ್ನು ಕಳಚಿ ತನ್ನ ಮೂಲೆಗೆ ಒಯ್ದು, ಎರಡು ಹಲಗೆಗಳ ನಡುವೆ ಸಿಕ್ಕಿಸಿ, ಒಂದೊಂದೇ ಹಲ್ಲಿಗೆ ಅರ ಹಾಕುತ್ತ ಕೂರುತ್ತಿದ್ದರು. ಮೇಜಿಗೆ ಬೇರೆ ಗರಗಸ ಏರುತ್ತಿತ್ತು.

ಶೆಡ್ಡಿನೊಳಗೆ ಆ ಶಬ್ದವನ್ನು ಬೇರೆ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಾನು ಸೇರುವ ಮೊದಲು ಒಬ್ಬ ನೂಕುವವ ತನ್ನ ಅಳಿಯನನ್ನು ಬೈಯುವ ಭರದಲ್ಲಿ ‘ಮೊಂಡು’ ಅಂದುಬಿಟ್ಟನಂತೆ. ಕಾಕ ಬೆಲ್ಟು ಜಾರಿಸಿದರು. ಯಾರೂ ಕೈ ಎತ್ತಿರಲಿಲ್ಲ, ಯಾರೂ ಹಾರಿರಲಿಲ್ಲ. ಅರ್ಧ ಸೀಳಿದ ದಿಮ್ಮಿ ಹಲ್ಲಿಗೆ ಸಿಕ್ಕಿಕೊಂಡು ಹಿಂದಕ್ಕೆ ಒದ್ದಿತು. ಆ ಮನುಷ್ಯನನ್ನು ನಾನು ನೋಡಿದ್ದೇನೆ. ಬಂದರಿನ ಚಾದಂಗಡಿಯ ಬಾಗಿಲಲ್ಲಿ ಕೂತು ಒಂದೇ ಕೈಯಲ್ಲಿ ಕಡ್ಡಿ ಗೀರಿ ಬೀಡಿ ಹಚ್ಚುತ್ತಾನೆ. ಹೊಸಬರು ಅದನ್ನು ನಿಂತು ನೋಡುತ್ತಾರೆ.

ಆದ್ದರಿಂದ ಒಳಗೆ ಅಳಿಯಂದಿರು, ಎಮ್ಮೆಗಳು, ಹೆಂಡತಿಯ ಅಣ್ಣಂದಿರು ಎಲ್ಲರೂ ಬೇರೆ ಬೇರೆ ಬೈಗುಳ ತಿನ್ನುತ್ತಿದ್ದರು. ಹೊರಗೆ ಚಾದಂಗಡಿಗೆ ಬಂದ ಮೇಲೆ ಬೆಳಗಿನಿಂದ ನುಂಗಿಕೊಂಡಿದ್ದ ಮೊಂಡುಗಳೆಲ್ಲ ಒಟ್ಟಿಗೆ ಹೊರಬೀಳುತ್ತಿದ್ದವು. ನಾನು ಸುಮ್ಮನಿರುವವನೇ? ಕಾಕ ಚಾದ ಗ್ಲಾಸು ಎತ್ತುವುದನ್ನೇ ಕಾದು, ಅವರ ಬೆನ್ನ ಹಿಂದೆ ನಿಂತು ಮೇಸ್ತ್ರಿಯ ಸ್ವರದಲ್ಲಿ, ‘‘ಮೊಂಡು!’’

ಕಾಕನ ಬಲಗೈ ತಾನಾಗಿ ಮುಂದಕ್ಕೆ ತಳ್ಳುತ್ತಿತ್ತು. ಚಾ ಎದುರಿನವನ ಅಂಗಿಗೆ.

‘‘ಥೂ, ಇಬಿಲೀಸೇ! ನಿನ್ನ ನಾಲಗೆಗೆ ಬೆಂಕಿ ಬೀಳ!’’

‘‘ನನ್ನ ನಾಲಗೆ ಅಲ್ಲ ಕಾಕ. ಅದು ಮೇಸ್ತ್ರಿದ್ದು. ಬೆಂಕಿ ಅವರಿಗೆ ಬೀಳಲಿ.’’

ಮೇಸ್ತ್ರಿ ಜೆಪ್ಪುವಿನ ಕಡೆಯ ಕೊಂಕಣಿ ಕ್ರಿಶ್ಚನ್ನರು; ಮಿಲ್ಲಿನ ಧನಿಗಳು ಅವರನ್ನು ‘ಪೊರ್ಬುಗಳೇ’ ಎಂದು ಕರೆಯುತ್ತಿದ್ದರು. ಖಾಕಿ ಚಡ್ಡಿ, ತೋಳಿಲ್ಲದ ಬನಿಯನು, ಭಾನುವಾರಕ್ಕೊಂದು ಬಿಳಿ ಕೋಟು. ನನ್ನ ಹತ್ತಿರ ಮಾತ್ರ ಕನ್ನಡದಲ್ಲೇ ಮಾತಾಡುತ್ತಿದ್ದರು. ಮೆಟ್ರಿಕ್‌ವರೆಗೆ ಹೋಗಿ ಫೇಲಾದವನಿಗೆ ಅಷ್ಟಾದರೂ ಮರ್ಯಾದೆ ಕೊಡಬೇಕೆಂದು. ಮಾತು ಕಡಿಮೆ. ಇದ್ದ ಮಾತಿನಲ್ಲಿ ಹೆಚ್ಚಿನದು ಆ ಶಬ್ದದ ಸುತ್ತ. ಅರ ಹಾಕುವ ಮೂಲೆಯಲ್ಲಿ, ಎಂಜಿನು ನಿಂತಿದ್ದಾಗ, ಅವರು ಅದನ್ನು ಮನುಷ್ಯರ ಮೇಲೂ ಹಾಕಿ ನೋಡುತ್ತಿದ್ದರು. ಧನಿಗಳ ಮಗ, ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕೂತು ಉಗುರು ಕಚ್ಚುವವ, ‘‘ತುಕ್ಕಿನ ಮೊಂಡು. ಪೆಟ್ಟಿಗೆಯಲ್ಲಿ ಇದ್ದು ಇದ್ದು ಆದದ್ದು.’’ ಕಾಲು ಬಾತು ಕೆಲಸ ಬಿಟ್ಟ ಹಳೆಯ ಲೋಡಿಂಗಿನವ, ‘‘ಅವ ಕೆಲಸದ ಮೊಂಡು. ಅರ ಹಾಕಿದರೆ ಅವನಿಂದ ಇನ್ನೂ ಆಗ್ತದೆ.’’ ಬಂದ ಸಂಬಂಧಗಳನ್ನೆಲ್ಲ ಬೇಡವೆಂದು ಅತ್ತಾವರದ ಆಸ್ಪತ್ರೆಯಲ್ಲಿ ನರ್ಸು ಕೆಲಸಕ್ಕೆ ಸೇರಿದ ತನ್ನ ಮಗಳನ್ನೂ ಮೊಂಡು ಎಂದೇ ಕರೆಯುತ್ತಿದ್ದರು. ಆದರೆ ಆಗ ‘ಡು’ ಕತ್ತರಿಸಿ ಬೀಳುತ್ತಿರಲಿಲ್ಲ. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಮೆಲ್ಲ ಬಿಡುತ್ತಿದ್ದರು.

‘‘ಮತ್ತೆ ನಾನು ಮೇಸ್ತ್ರಿ?’’ ಎಂದು ಕೇಳಿದೆ.

ಅವರು ಅರ ನಿಲ್ಲಿಸಿ ನನ್ನ ಮುಖ, ಮುಖ್ಯವಾಗಿ ಬಾಯಿ, ನೋಡಿದರು. ‘‘ನೀನು ಮೊಂಡು ಅಲ್ಲ ಮಾರಾಯ. ಮೊಂಡು ಆಗ್ಲಿಕ್ಕೆ ಮೊದಲು ಹಲ್ಲು ಬೇಕಲ್ಲ? ನಿನಗೆ ಇನ್ನೂ ಹಲ್ಲೇ ಹಾಕ್ಲಿಲ್ಲ.’’

ಇನ್ನೊಮ್ಮೆ ಶೆಡ್ಡಿನ ಹೊರಗೆ ನಾನು, ಮೊಂಡು ಗರಗಸ ಕೊಯ್ಯುವುದಿಲ್ಲ, ಅಷ್ಟೇ ತಾನೆ, ಅದಕ್ಕೆ ಇಷ್ಟು ಹೆದರಿಕೆ ಯಾಕೆ ಎಂದಾಗ ಅವರಿಗೆ ಸಿಟ್ಟು ಬಂತು. ‘‘ಹರಿತದ್ದು ಎಲ್ಲಿಗೆ ಹೋಗ್ತದೆ ಅಂತ ನನಗೆ ಗೊತ್ತುಂಟು. ಗೆರೆ ಹಾಕಿದಲ್ಲಿಗೆ. ಮೊಂಡು ಎಲ್ಲಿಗೆ ಹೋಗ್ತದೆ ಅಂತ ಅದಕ್ಕೇ ಗೊತ್ತಿಲ್ಲ. ಮರ ಹೇಳುವುದನ್ನು ಕೇಳುವುದಿಲ್ಲ. ಬಿಸಿ ಆಗ್ತದೆ, ನಡುಗ್ತದೆ, ಆದರೂ ತಾನು ಸರಿ ಉಂಟು ಅಂತ ತಿರುಗ್ತದೆ.’’ ಸ್ವಲ್ಪ ತಡೆದು, ‘‘ಮನುಷ್ಯರೂ ಹಾಗೆ. ಕೇಳದ್ದು ಮೊಂಡು’’ ಎಂದರು.

ಇಷ್ಟು ಹೇಳುವಾಗಲೂ ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ನನ್ನ ಹಲ್ಲು ಹುಡುಕುತ್ತಿದ್ದಾರೆ ಎಂದುಕೊಂಡು ಇಷ್ಟಗಲ ಕಿಸಿದು ತೋರಿಸಿದೆ.

ಅವರ ಬೇರೆ ಅಭ್ಯಾಸಗಳೂ ಇದ್ದವು, ಎಲ್ಲವೂ ನನ್ನ ನಾಟಕಕ್ಕೆ ಒದಗಿ ಬಂದವು. ಹಂಚಿನ ಕಾರ್ಖಾನೆಯ ಸೈರನ್ನು ಮಧ್ಯಾಹ್ನದ ಕೂಗು ಹಾಕಿದಾಗ ಎಲ್ಲರೂ ಬುತ್ತಿಗೆ ಓಡುತ್ತಿದ್ದೆವು. ಮೇಸ್ತ್ರಿ ಎಲ್ಲರೂ ಎದ್ದದ್ದನ್ನು ನೋಡಿ ಕೊನೆಗೆ ಏಳುತ್ತಿದ್ದರು. ಎಂಥ ಸಭ್ಯತೆ ಎಂದು ಕಾಕ ಹೊಗಳುತ್ತಿದ್ದರು. ಲೋಡಿಂಗಿನ ಹುಡುಗನೊಬ್ಬನ ಮದುವೆಗೆ ನಾವೆಲ್ಲ ಇಗರ್ಜಿಗೆ ಹೋಗಿದ್ದೆವು. ಹಾಡಿನವರು ಹಾಡಲು ತೊಡಗಿದಾಗ ಮೇಸ್ತ್ರಿ ಎದುರಿನ ಬೆಂಚಿನ ಬೆನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಹಾಡು ನಿಂತಿತು. ಅವರು ಕೈ ತೆಗೆದರು. ಮರುದಿನ ಚಾದಂಗಡಿಯಲ್ಲಿ ನಾನು ಅದನ್ನೇ ಮಾಡಿ ತೋರಿಸಿದೆ: ಮೇಜಿನ ಮೇಲೆ ಅಂಗೈ, ಮುಚ್ಚಿದ ಕಣ್ಣು, ಆಮೇಲೆ ಮೂಗಿನ ಸ್ವರದಲ್ಲಿ, ‘‘ಪಾದ್ರಿಗಳೇ, ನಿಮ್ಮ ಹಾಡು ಮೊಂಡು.’’ ಜನ ನಕ್ಕು ನಕ್ಕು ಬಿದ್ದರು. ನನಗೆ ಎರಡನೇ ಚಾ ಪುಕ್ಕಟೆ ಸಿಕ್ಕಿತು.

ಅದೇ ವರ್ಷ ಮಳೆ ಮುಗಿದ ಮೇಲೆ ಧನಿಗಳಿಗೆ ಮಿಲ್ಲನ್ನು ಹೊಸದು ಮಾಡುವ ಹುಕಿ ಹುಟ್ಟಿತು. ಗದ್ದೆ ಬಿಟ್ಟು ವ್ಯಾಪಾರಕ್ಕೆ ಇಳಿದ ಮನೆತನದವರು. ಕಚೇರಿಯನ್ನು ಕೊಡಿಯಾಲ್‌ಬೈಲಿನಲ್ಲಿ ಮಾಡಿ, ಅಲ್ಲಿಗೆ ಬರುವ ಇಂಜಿನಿಯರರ ಮಾತು ಕೇಳುತ್ತಿದ್ದರು. ಗರಗಸದ ಮೇಜಿನ ಮರದ ಕಂಬಗಳನ್ನು ತೆಗೆದು ಸಿಮೆಂಟಿನ ದಪ್ಪ ಕಂಬ ಕಟ್ಟಿಸುವುದು, ಮೇಲೆ ಕಬ್ಬಿಣದ ತಗಡಿನ ಮೇಜು ಎಂದು ತೀರ್ಮಾನವಾಯಿತು. ಮೇಸ್ತ್ರಿ ಯಾವತ್ತೂ ಧನಿಗಳಿಗೆ ಎದುರಾಡಿದವರಲ್ಲ. ಆ ದಿನ ಅಡ್ಡ ನಿಂತರು.

‘‘ಮರದ ಕಂಬ ಇರಲಿ ಧನಿಗಳೇ.’’

‘‘ಎಂತಕ್ಕೆ ಪೊರ್ಬುಗಳೇ? ಒಳಗೆಲ್ಲ ಒರಲೆ ತಿಂದಿದೆ. ನಾಳೆ ಮೇಜು ಕುಸಿದರೆ ನೀವು ಹೊರ್ತೀರಾ?’’

‘‘ಒಂದಾದರೂ ಇರಲಿ. ಈ ಒಂದು.’’

ಧನಿಗಳು ನಕ್ಕರು. ‘‘ನೀವು ಇಷ್ಟು ಮೊಂಡು ಅಂತ ನನಗೆ ಗೊತ್ತಿರ್ಲಿಲ್ಲ ಮಾರಾಯ್ರೆ.’’

ಎಂಜಿನು ನಿಂತಿತ್ತು. ಆದರೂ ಕಾಕನ ಕೈ ಅರ್ಧ ಎದ್ದು ನಿಂತದ್ದನ್ನು ನಾನು ನೋಡಿದೆ. ಶೆಡ್ಡಿನೊಳಗೆ ಆ ಶಬ್ದವನ್ನು ಇನ್ನೊಬ್ಬರು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ. ಕೆಲಸಕ್ಕೆ ಬಂದ ಗಾರೆಯವನು ಕೂಡ ಒಮ್ಮೆ ತಲೆ ಎತ್ತಿ ಮಾಡಿನ ಕಡೆ ನೋಡಿದ. ಮೇಸ್ತ್ರಿ ತನ್ನ ಮೂಲೆಗೆ ಹೋದರು.

ಸಿಮೆಂಟು ಒಣಗಿ ಗರಗಸ ಮತ್ತೆ ತಿರುಗಿದ ದಿನ ನಾನು ಅವರನ್ನೇ ನೋಡುತ್ತಿದ್ದೆ. ಹೊಸ ಕಂಬದ ಜತೆ ಹಳೆಯ ಭಂಗಿ ಹೇಗೆ ಬರುತ್ತದೆ, ನಾಳೆಯ ನಾಟಕಕ್ಕೆ ಏನು ಸಿಗುತ್ತದೆ ಎಂದು. ಅವರು ಎಡಗೈಯನ್ನು ಕಂಬದ ಮೇಲಿಟ್ಟರು. ತೆಗೆದರು. ಚಡ್ಡಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಆಮೇಲೆ ಕಬ್ಬಿಣದ ಮೇಜಿನ ಅಂಚು ಮುಟ್ಟಿದರು. ಅದು ಎಂಜಿನಿಗೂ ನಡುಗುತ್ತಿತ್ತು, ಬೆಲ್ಟಿಗೂ ನಡುಗುತ್ತಿತ್ತು, ಹೊರಗೆ ಲಾರಿ ಬಂದರೂ ನಡುಗುತ್ತಿತ್ತು. ಅವರ ಮುಖ ನೋಡಿ ನನಗೆ ಆ ದಿನ ಅಣಕಿಸಲು ಬಾಯಿ ಬರಲಿಲ್ಲ. ತುಂಬಿದ ಪೇಟೆಯಲ್ಲಿ ಮಗುವಿನ ಕೈ ಜಾರಿ ಹೋದವರ ಮುಖ ಅದು.

ಅಲ್ಲಿಂದ ಮಿಲ್ಲಿನಲ್ಲಿ ಏನೋ ಕೆಟ್ಟಿತು. ಶಬ್ದ ತಡವಾಗಿ ಬರತೊಡಗಿತು. ದಿಮ್ಮಿಯ ಸೀಳಿನಿಂದ ಸಣ್ಣಗೆ ಹೊಗೆ ಎದ್ದ ಮೇಲೆ, ಮರ ಕರಟಿದ ವಾಸನೆ ಬಂದ ಮೇಲೆ ಮೇಸ್ತ್ರಿ ಕೈ ಎತ್ತುತ್ತಿದ್ದರು. ಒಂದು ದಿನ ಹಲಗೆ ಬಾಗಿ ಬಂತು. ಇನ್ನೊಂದು ದಿನ ಒಂದು ಚಕ್ಕೆ ಹಾರಿ ನೂಕುವವನ ಕಿವಿಯ ಪಕ್ಕದಿಂದ ಹೋಗಿ ಗೋಡೆಗೆ ಚುಚ್ಚಿ ನಿಂತಿತು. ಅವನು ಅದನ್ನು ಕಿತ್ತು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ‘‘ಮೇಸ್ತ್ರಿಗೆ ಎಂತಾಯ್ತು ಮಾರಾಯ?’’ ಎಂದು ನನ್ನನ್ನು ಕೇಳಿದ. ‘‘ಲವ್ ಆಗಿರಬೇಕು’’ ಎಂದೆ. ಅವನು ನಗಲಿಲ್ಲ. ನನ್ನ ಮಾತಿಗೆ ಯಾರೂ ನಗದ ಕಾಲ ಅದು. ಬೆಳಿಗ್ಗೆ ಎಂಜಿನು ಹಚ್ಚುವ ಮೊದಲು ಜನ ತಮ್ಮ ತಮ್ಮ ದೇವರನ್ನು ಕರೆಯುವುದು ಜೋರಾಯಿತು. ಒಂದೇ ಶೆಡ್ಡಿನಲ್ಲಿ ಎಷ್ಟು ದೇವರುಗಳು!

ನನಗೊಂದು ಸಂಶಯ ಹುಟ್ಟಿತ್ತು. ಗರಗಸದ ಸ್ವರ ನನ್ನ ಅಣಕಿನಲ್ಲಿ ಎಲ್ಲರೂ ಮೆಚ್ಚಿದ್ದು. ಹಲ್ಲು ಹರಿತವಿದ್ದಾಗಿನ ತೆಳು ಹಾಡು, ಮೊಂಡಾದಾಗಿನ ಅಡಿಗಂಟಲಿನ ನರಳಾಟ, ಎರಡೂ ನನಗೆ ಬರುತ್ತಿದ್ದವು. ಒಂದು ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿದ್ದಾಗ ಮೇಸ್ತ್ರಿ ನನಗೆ ಬೆನ್ನು ಹಾಕಿ ಅರ ಹಾಕುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಿಂತು ಮೊಂಡು ಗರಗಸದ ಸ್ವರ ಹೊರಡಿಸಿದೆ. ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. ಮೇಸ್ತ್ರಿ ಅರವನ್ನು ಊದಿ, ಮುಂದಿನ ಹಲ್ಲಿಗೆ ಇಟ್ಟರು.

ಇನ್ನೂ ಜೋರಾಗಿ ಮಾಡಿದೆ.

ಅವರು ಮುಂದಿನ ಹಲ್ಲಿಗೆ ಹೋದರು.

ಆ ಕೂಗು, ಆ ಬೆಂಚು, ಬಾಯಿ ನೋಡುವ ಆ ಕಣ್ಣು, ಒಂದಾದರೂ ಇರಲಿ ಎಂದು ಬೇಡಿದ ಆ ಕಂಬ: ಎಲ್ಲವೂ ಒಟ್ಟಿಗೆ ಬಂದು ನನ್ನ ಎದೆಯ ಮೇಲೆ ಕೂತವು. ಮೇಸ್ತ್ರಿ ಇಷ್ಟು ವರ್ಷ ಗರಗಸವನ್ನು ಕೇಳುತ್ತಿದ್ದದ್ದು ಅಂಗೈಯಿಂದ. ಆ ಅಂಗೈಯ ಕಿವಿಯನ್ನು ಧನಿಗಳು ಸಿಮೆಂಟು ಹಾಕಿ ಮುಚ್ಚಿದ್ದರು. ಇನ್ನು ಆ ಹಲ್ಲುಗಳ ಎದುರು ನಿಲ್ಲಬೇಕಾದವನು ನಾನು.

ಅದಾಗಿ ಹೆಚ್ಚು ದಿನ ಹೋಗಲಿಲ್ಲ. ಒಂದು ಹೆಬ್ಬಲಸಿನ ದಿಮ್ಮಿ ಬಂತು. ನಾಲ್ಕಾರು ಜನ ಉರುಳಿಸಿ ತಂದು ಮೇಜಿಗೆ ಏರಿಸಿದರು. ಗಂಟು ಗಂಟಾದ ಮರ. ಗರಗಸ ಅದರೊಳಗೆ ಹೊಕ್ಕು ಅರ್ಧ ಹೋಗುವಷ್ಟರಲ್ಲಿ ಸ್ವರ ಇಳಿಯಿತು. ಮೊದಲು ತೆಳು ಹಾಡು ನಿಂತಿತು. ಆಮೇಲೆ ನರಳಾಟ. ಆಮೇಲೆ ನಾನು ಯಾವತ್ತೂ ಕೇಳದ, ಅಣಕಿಸಲು ಬಾರದ ಇನ್ನೊಂದು ಸ್ವರ: ಒಂದೊಂದು ಸುತ್ತಿಗೂ ಒಂದು ಸಣ್ಣ ‘ಟಿಕ್’. ನಾನು ಮೇಸ್ತ್ರಿಯ ಕಡೆ ನೋಡಿದೆ. ಅವರು ಸಿಮೆಂಟಿನ ಕಂಬದ ಮೇಲೆ ಕೈಯಿಟ್ಟು ಶಾಂತವಾಗಿ ನಿಂತಿದ್ದರು. ಹೊಗೆ ಇನ್ನೂ ಎದ್ದಿರಲಿಲ್ಲ. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ನೂಕುವವ ನನ್ನ ಮುಖ ನೋಡುತ್ತಿದ್ದ. ಅವನ ಮುಖ ಬೆಳ್ಳಗಾಗಿತ್ತು. ಟಿಕ್, ಟಿಕ್. ಮೇಸ್ತ್ರಿ ಹೇಳುವವರೆಗೆ ನೂಕಬೇಕು ಎಂಬ ನಿಯಮಕ್ಕೆ ಅವನು ನೂಕುತ್ತಿದ್ದ, ನಾನು ಎಳೆಯುತ್ತಿದ್ದೆ.

ನಾನು ದಿಮ್ಮಿ ಬಿಟ್ಟು ಬಲಗೈ ಎತ್ತಿದೆ, ಮೇಸ್ತ್ರಿ ಎತ್ತುವ ಹಾಗೆಯೇ. ನೂಕುವವ ಅದನ್ನು ಕಂಡದ್ದೇ ಪಕ್ಕಕ್ಕೆ ಹಾರಿದ. ನಾನೂ ಹಾರಿದೆ. ಹಾರುತ್ತಲೇ, ಮೂಗಿನಿಂದ, ಒಣಗಿ, ಉದ್ದ ಮಾಡಿ ಕತ್ತರಿಸಿ ಹೇಳಿದೆ, ‘‘ಮೊಂಡು.’’

ಕಾಕ ತಿರುಗಿ ನೋಡಲಿಲ್ಲ. ದಂಡ ತಳ್ಳಿದರು. ಬೆಲ್ಟು ಜಾರಿತು. ದಿಮ್ಮಿ ಒಮ್ಮೆ ಒದ್ದು, ಯಾರೂ ಇಲ್ಲದ ಕಡೆ ಉರುಳಿ ಬಿತ್ತು. ಗರಗಸ ತಿರುಗಿ ತಿರುಗಿ ನಿಂತಿತು. ಕಾಕ ಎಂಜಿನನ್ನೂ ನಿಲ್ಲಿಸಿದ ಮೇಲೆ ಹೊಳೆಯ ದೋಣಿಯವರ ಮಾತು ಕೂಡ ಕೇಳುತ್ತಿತ್ತು.

ಮೇಸ್ತ್ರಿಯ ಬಲಗೈ ಕೆಳಗೇ ಇತ್ತು. ಅವರು ನಿಂತ ಗರಗಸವನ್ನು ನೋಡಿದರು, ಕಾಕನನ್ನು ನೋಡಿದರು. ನಿಧಾನವಾಗಿ ಬಂದು ಬಗ್ಗಿ ಹಲ್ಲುಗಳ ಬುಡದಲ್ಲಿ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಹಲ್ಲಿನ ಸಂದಿಯಿಂದ ನಡುವಿನ ತೂತಿನ ಕಡೆಗೆ ತಲೆಕೂದಲಿನಂಥ ಒಂದು ಬಿರುಕು. ಇನ್ನು ಸ್ವಲ್ಪ ಓಡಿದ್ದರೆ ಗರಗಸ ಎರಡು ಹೋಳಾಗಿ ಹಾರುತ್ತಿತ್ತು. ಒಂದು ಹೋಳು ನೂಕುವವನಿಗೆ, ಇನ್ನೊಂದು ನನಗೆ.

‘‘ಯಾ ರಬ್ಬೇ! ಎಂಥ ಕಿವಿ ಮೇಸ್ತ್ರಿ ನಿಮ್ಮದು! ದೇವರು ಕೊಟ್ಟ ಕಿವಿ!’’ ಎಂದು ಕಾಕ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡರು. ನೂಕುವವ, ಮೇಸ್ತ್ರಿಯ ಕೈ ಕಂಡೇ ನಾನು ಕೈ ಎತ್ತಿದ್ದೆಂದು ತಿಳಿದು, ಅವರ ಕಾಲು ಮುಟ್ಟಿದ. ಲೋಡಿಂಗಿನವರೆಲ್ಲ ಸುತ್ತ ನೆರೆದು ಹೊಗಳಿದರು. ಮೇಸ್ತ್ರಿ ಒಬ್ಬೊಬ್ಬರ ಬಾಯಿ ನೋಡುತ್ತ ಹೋದರು. ಕೊನೆಗೆ ನನ್ನ ಬಾಯಿಯ ಹತ್ತಿರ ಬಂದು ನಿಂತರು. ನಾನು ಅದನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಜೀವನದಲ್ಲಿ ಮೊದಲ ಸಲ.

ಕೆಲಸ ಬಿಟ್ಟ ಮೇಲೆ ನನ್ನನ್ನು ಮೂಲೆಗೆ ಕರೆದರು.

‘‘ಯಾರು ಹೇಳಿದ್ದು?’’

‘‘ನೀವೇ ಅಲ್ವಾ ಮೇಸ್ತ್ರಿ.’’

‘‘ನಾನು ಹೇಳ್ಲಿಲ್ಲ. ಕಿವಿ ಹೋದ್ದು ಪುತಾ, ಬಾಯಿ ಹೋಗ್ಲಿಲ್ಲ. ನಾನು ಹೇಳಿದ್ರೆ ನನಗೆ ಗೊತ್ತಾಗ್ತದೆ.’’ ಅವರು ಬೆವರು ಒರೆಸಿಕೊಂಡರು. ‘‘ನನ್ನ ಹಾಗೇ ಹೇಳಿದ್ಯಾ?’’

ಹೌದೆಂದು ತಲೆಯಾಡಿಸಿದೆ.

‘‘ಹೇಳು ನೋಡುವಾ.’’

ಅವರು ನುಣುಪಾದ ಆ ಕೈಯನ್ನು ಎತ್ತಿ ನನ್ನ ಗಂಟಲಿನ ಮೇಲಿಟ್ಟರು. ಕಬ್ಬಿಣದ ವಾಸನೆ, ತಣ್ಣಗಿನ ಬೆರಳು. ಒತ್ತಿದರೆ ಮುಗಿಯಿತು ಎನ್ನಿಸಿ ಒಂದು ಕ್ಷಣ ನಿಜವಾಗಿ ಹೆದರಿದೆ. ಹೇಳಿದೆ. ಗರಗಸದ ಸ್ವರ ಮಾಡು ಎಂದರು. ಹರಿತದ್ದನ್ನು ಮಾಡಿದೆ, ಅವರ ಕಣ್ಣು ಇಗರ್ಜಿಯಲ್ಲಿ ಮುಚ್ಚಿದ ಹಾಗೆ ಮುಚ್ಚಿತು. ಮೊಂಡಿನ ಸ್ವರಕ್ಕೆ ಇಳಿದೆ. ಕೈ ತಟ್ಟನೆ ಕಿತ್ತುಕೊಂಡರು.

‘‘ಮೇಸ್ತ್ರಿ,’’ ಎಂದೆ, ಬಾಯಿ ಅಗಲಿಸಿ ಒಂದೊಂದೇ ಶಬ್ದ ಬಿಡಿಸಿ, ‘‘ನೀವು ಕೈ ಎತ್ತಿದರೆ ಸಾಕು. ನಾನು ಗರಗಸ ಕೇಳ್ತೇನೆ, ನಿಮಗೆ ಕಣ್ಣಲ್ಲಿ ಸನ್ನೆ ಮಾಡ್ತೇನೆ. ಶಬ್ದವನ್ನೂ ಬೇಕಾದರೆ ನಾನೇ ಹೇಳ್ತೇನೆ. ದೇವರಿಗೂ ಗೊತ್ತಾಗುವುದಿಲ್ಲ.’’

ಆ ಮಾತು ಅವರಿಗೆ ಬೇಕಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಮೇಸ್ತ್ರಿಗಿರಿ ಹೋದರೆ ಬಂದರಿನಲ್ಲಿ ಬಾಯಿ ನೋಡಿ ಮಾತು ತಿಳಿಯುವ ಮುದುಕನಿಗೆ ಯಾರು ಕೆಲಸ ಕೊಡುತ್ತಾರೆ? ಅವರು ಅರವನ್ನು ಎತ್ತಿಕೊಂಡರು, ಅದನ್ನು ಬಟ್ಟೆಯಲ್ಲಿ ಸುತ್ತಿದರು, ಬಿಚ್ಚಿದರು.

‘‘ನಿನಗೆ ಜ್ವರ ಬಂದ ದಿವಸ?’’ ಎಂದರು.

ನಾನು ಖಾಲಿ ಬುತ್ತಿ ಎತ್ತಿಕೊಂಡು ಎದ್ದೆ.

ಮರುದಿನ ಬೆಳಿಗ್ಗೆ ಎಂಜಿನು ಹಚ್ಚುವ ಮೊದಲು ಅವರು ಧನಿಗಳನ್ನು ಶೆಡ್ಡಿಗೆ ಕರೆಸಿದರು. ಭಾನುವಾರದ ಬಿಳಿ ಕೋಟು ಹಾಕಿಕೊಂಡು ಬಂದಿದ್ದರು. ಎಲ್ಲರೂ ಗರಗಸದ ಮೇಜಿನ ಸುತ್ತ ನಿಂತೆವು. ಮೇಸ್ತ್ರಿ ಬಲಗೈ ಎತ್ತಿದರು. ಅಭ್ಯಾಸಬಲದಿಂದ ನೂಕುವವ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಮೇಸ್ತ್ರಿ ಎತ್ತಿದ ಕೈಯ ಬೆರಳನ್ನು ತನ್ನ ಕಿವಿಗೆ ಮುಟ್ಟಿಸಿ ಹೇಳಿದರು, ‘‘ಮೊಂಡು.’’

ನಿಂತೇ ಇದ್ದ ಗರಗಸಕ್ಕೆ ಕಾಕ ದಂಡ ತಳ್ಳಿದರು. ಆ ಮರದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

‘‘ಕೇಳುವುದಿಲ್ಲ. ಕೇಳುವುದಿಲ್ಲ ಅಂತ ಹೇಳಿದ್ದೂ ಇಲ್ಲ. ಕಂಬ ಇರುವವರೆಗೆ ಕೈಯಲ್ಲಿ ಗೊತ್ತಾಗ್ತಿತ್ತು. ನಿನ್ನೆ ಹೇಳಿದ್ದು ನಾನಲ್ಲ, ಇವ.’’ ನನ್ನ ಕಡೆ ಗಲ್ಲ ತೋರಿಸಿದರು. ಯಾರೂ ನನ್ನ ಕಡೆ ನೋಡಲಿಲ್ಲ. ‘‘ಇನ್ನು ಮುಂದೆ ಗರಗಸದ ಹತ್ತಿರ ನಿಂತವರಲ್ಲಿ ಯಾರಿಗೆ ಕೇಳಿದರೂ ಅವರೇ ಕೈ ಎತ್ತಬೇಕು, ಅವರೇ ಹೇಳಬೇಕು. ನನ್ನನ್ನು ಕಾಯಬಾರದು. ಇವನನ್ನೂ ಕಾಯಬಾರದು.’’

‘‘ಅದು ಹೇಗೆ ಪೊರ್ಬುಗಳೇ? ಕಂಡ ಕಂಡವರು ಹೇಳಿ ನಿಲ್ಲಿಸಿದರೆ ಮಿಲ್ಲು ನಡೆಯುವುದುಂಟಾ?’’ ಎಂದು ಧನಿಗಳು ದನಿ ಎತ್ತಿದರು.

ಮೇಸ್ತ್ರಿ ಆಗ ಬೇಕೆಂದೇ ಬೇರೆ ಕಡೆ ಮುಖ ತಿರುಗಿಸಿಕೊಂಡಿದ್ದರು. ಅವರಿಗೆ ಕೇಳಲೇ ಇಲ್ಲ. ಧನಿಗಳು ಇನ್ನಷ್ಟು ಕೂಗಿ, ಆಮೇಲೆ ಕಾಕನ ಕಡೆ ನೋಡಿದರು. ಕಾಕ ದಂಡದ ಮೇಲೆ ಕೈಯಿಟ್ಟು, ‘‘ಯಾರು ಹೇಳಿದರೂ ನಾನು ನಿಲ್ಲಿಸ್ತೇನೆ ಧನಿಗಳೇ. ನನಗೆ ಕಿವಿ ಉಂಟು’’ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಮೇಸ್ತ್ರಿ ಮತ್ತೆ ಮಿಲ್ಲಿಗೆ ಬರಲಿಲ್ಲ. ಗರಗಸಗಳು ಅವರ ಮನೆಗೆ ಹೋದವು. ಅವರ ಹಾಗೆ ಅರ ಹಾಕುವವರು ಊರಲ್ಲಿ ಬೇರೆ ಇಲ್ಲದ್ದರಿಂದ ಧನಿಗಳು ಅಷ್ಟಕ್ಕೆ ಒಪ್ಪಿದ್ದರು. ಗೋಣಿಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿ ಜೆಪ್ಪುವಿಗೆ ಒಯ್ಯುವ ಕೆಲಸ ನನ್ನದು. ಅವರು ಜಗಲಿಯಲ್ಲಿ ಕೂತು ಅರ ಹಾಕುತ್ತಿದ್ದರು, ನಾನು ಬಾಯಿ ಅಗಲಿಸಿ ಮಿಲ್ಲಿನ ಸುದ್ದಿ ಹೇಳುತ್ತಿದ್ದೆ. ಧನಿಗಳ ಮಗನಿಗೆ ಮದುವೆ ಎಂದೆ. ‘‘ತುಕ್ಕು ತೆಗೆಯುವವಳು ಬೇಕು’’ ಎಂದರು.

ಮೇಸ್ತ್ರಿಯ ಕೊನೆಯ ಮಳೆಗಾಲದಲ್ಲಿ ಅವರಿಗೆ ಅರ ಹಿಡಿಯಲು ಆಗಲಿಲ್ಲ. ನರ್ಸು ಮಗಳು ರಜೆ ಹಾಕಿ ಮನೆಯಲ್ಲಿದ್ದಳು. ನಾನು ಹೋದಾಗ, ‘‘ಅಪ್ಪನಿಗೆ ನಿನ್ನೆಯಿಂದ ಮಾತಿಲ್ಲ. ನೀನಾದರೂ ಎಂತಾದರೂ ಮಾಡು, ನಿನ್ನ ಆ ಕೋತಿಯಾಟ’’ ಎಂದಳು. ಮಂಚದ ಹತ್ತಿರ ಕೂತೆ. ಪಾದ್ರಿಗಳನ್ನು ಮಾಡಿದೆ, ಧನಿಗಳನ್ನು ಮಾಡಿದೆ. ಅವರ ಕಣ್ಣು ನನ್ನ ಬಾಯಿಯ ಮೇಲೆ ನಿಲ್ಲುತ್ತಿರಲಿಲ್ಲ. ಆಗ ಆ ಕೈಯನ್ನು ಎತ್ತಿ ನಾನೇ ನನ್ನ ಗಂಟಲಿನ ಮೇಲಿಟ್ಟುಕೊಂಡು ಗರಗಸವಾದೆ. ಅರ ಹಾಕಿ ಆಗ ತಾನೇ ಏರಿಸಿದ, ತೆಳುವಾಗಿ ಹಾಡುವ, ಗೆರೆ ಹಾಕಿದಲ್ಲಿಗೆ ನೇರ ಹೋಗುವ ಗರಗಸ. ಬೆರಳುಗಳು ಸ್ವಲ್ಪ ಬಿಗಿದವು. ಹೊರಗೆ ಮಳೆ ಸುರಿಯುತ್ತಿತ್ತು, ನಾನು ಹಾಡುತ್ತಲೇ ಇದ್ದೆ. ಉಸಿರು ಸಾಲದೆ ಸ್ವರ ಒಡೆಯಿತು.

ಅವರ ತುಟಿ ಅಲುಗಿತು. ಸ್ವರ ಬರಲಿಲ್ಲ, ಆದರೆ ‘ಡು’ ಕತ್ತರಿಸಿ ಬಿದ್ದದ್ದು ನನಗೆ ಕಂಡಿತು. ನಾನು ನಿಲ್ಲಿಸಿದೆ. ಆ ಸಂಜೆ ಅವರು ಹೋದರು.

ಈಗ ನಮ್ಮ ಮಿಲ್ಲಿನಲ್ಲಿ ಯಾರು ಬೇಕಾದರೂ ಆ ಶಬ್ದ ಹೇಳುತ್ತಾರೆ. ಮೇಸ್ತ್ರಿಯನ್ನು ನೋಡಿಯೇ ಇರದ ಹೊಸ ಹುಡುಗರು ಕೂಡ ಅದನ್ನು ಮೂಗಿನಿಂದಲೇ ಹೇಳುತ್ತಾರೆ. ಹಾಗೆ ಹೇಳಿದರೆ ಮಾತ್ರ ಗರಗಸ ನಿಲ್ಲುವುದೆಂದು ತಿಳಿದಿದ್ದಾರೆ. ಬೆರಳು ಕಳಕೊಂಡವರು ಆಮೇಲೆ ಯಾರೂ ಇಲ್ಲ.

ಇಷ್ಟಕ್ಕೇ ನಿಲ್ಲಿಸೋಣವೆಂದಿದ್ದೆ. ಆದರೆ ಕೆಲವು ದಿನಗಳಿಂದ ನನ್ನ ಎಡಗಿವಿಯಲ್ಲಿ ಒಂದು ಸಣ್ಣ ಸಿಳ್ಳು ಉಂಟು. ಮಲಗಿದರೂ ನಿಲ್ಲುವುದಿಲ್ಲ. ನಿನ್ನೆ ಹಂಚಿನ ಕಾರ್ಖಾನೆಯ ಕೂಗು ಹಾಕಿದ್ದು ಎಲ್ಲರೂ ಏಳುವುದನ್ನು ಕಂಡ ಮೇಲೆ ನನಗೆ ಗೊತ್ತಾಯಿತು. ಆಮೇಲೆ ಚಾದಂಗಡಿಯಲ್ಲಿ ಕಾಕ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ‘‘ಎಷ್ಟು ಚಂದ ಮಾಡ್ತೀಯ ಮಾರಾಯ! ಅದೇ ಮೇಸ್ತ್ರಿ, ಸಾಕ್ಷಾತ್!’’ ನಾನು ಕೆಳಗೆ ನೋಡಿದೆ. ನನ್ನ ಎಡ ಅಂಗೈ ಮರದ ಮೇಜಿನ ಮೇಲೆ ಇತ್ತು, ಜ್ವರದ ಹಣೆಯ ಮೇಲೆ ಇಟ್ಟ ಹಾಗೆ.

ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಎಂಜಿನು ಹಚ್ಚುವ ಮೊದಲು ಕೈ ಎತ್ತಬೇಕು. ಹೇಳಲು ಶಬ್ದ ಇದೆ. ಹೇಗೆ ಹೇಳುವುದೆಂದು ಮೇಸ್ತ್ರಿ ತೋರಿಸಿಕೊಟ್ಟಿದ್ದಾರೆ. ಈ ಸಲ ನನ್ನದೇ ಸ್ವರದಲ್ಲಿ ಹೇಳಬೇಕು. ಅದು ಹೇಗಿದೆಯೆಂದು ನನಗೇ ಸರಿಯಾಗಿ ನೆನಪಿಲ್ಲ.